ಡೈರಿಯಲ್ಲಿ ಅಂದೂ 44, ಇಂದೂ 44

ಯಾದಗಿರಿ ಜಿಲ್ಲೆಯ ನಿವೃತ್ತ ಶಾಲಾ ಮಾಸ್ತರರೊಬ್ಬರ ಪತ್ರ: “ದೇಶದಲ್ಲಿ ಬಿಸಿಗಾಳಿ ಹೆಚ್ಚುತ್ತಿದೆ ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ನಾನು ನಲವತ್ತು ಬೇಸಿಗೆ ರಾಯಚೂರಿನ ಬಿಸಿಲಿನ ಅಂಕಿಯನ್ನು ಪೇಪರು ನೋಡಿ ಡೈರಿಗೆ ಇಳಿಸಿದವನು. ಅಂದೂ 44, ಇಂದೂ 44. ಹಾಗಾದರೆ ಹೆಚ್ಚಿದ್ದು ಏನು? ಇನ್ನೊಂದು. ಹೋದ ಮೇ ತಿಂಗಳಲ್ಲಿ ನಮ್ಮೂರ ಕೆರೆ ಹೂಳೆತ್ತುವ ಕೆಲಸದಲ್ಲಿ ಇಬ್ಬರು ಹೆಣ್ಣುಮಕ್ಕಳು ಕುಸಿದು ಬಿದ್ದರು. ಅವತ್ತು ಬಿಸಿಗಾಳಿ ಇದೆ ಅಂತ ಯಾರೂ ಹೇಳಲಿಲ್ಲ. ಅಳೆಯುವವರು ಅಳೆಯುತ್ತಿರುವುದಾದರೂ ಏನನ್ನು?”

ಮಾನ್ಯ ಮಾಸ್ತರರೇ,

ನಿಮ್ಮ ಡೈರಿ ಸುಳ್ಳು ಹೇಳುತ್ತಿಲ್ಲ, ನಮ್ಮ ಲೇಖನವೂ ಸುಳ್ಳಲ್ಲ. ಎರಡೂ ಹೇಗೆ ನಿಜ ಎಂಬುದನ್ನು ಬಿಡಿಸಿ ಹೇಳದೆ ಹೋದದ್ದು ನಮ್ಮ ತಪ್ಪು. ಈಗ ಹೇಳುತ್ತೇನೆ.

ದೇಶದ ದಾಖಲೆಯನ್ನೇ ತೆಗೆದುಕೊಳ್ಳಿ. 1956ರ ಮೇ ತಿಂಗಳಲ್ಲಿ ರಾಜಸ್ಥಾನದ ಅಲ್ವರ್‌ನಲ್ಲಿ 50.6 ಡಿಗ್ರಿ ಬಂತು. ಅದನ್ನು ಮುರಿಯಲು 2016ರ ಮೇ 19ರವರೆಗೆ ಕಾಯಬೇಕಾಯಿತು, ಅದೇ ರಾಜ್ಯದ ಫಲೋದಿಯಲ್ಲಿ 51. ಅರವತ್ತು ವರ್ಷಕ್ಕೆ 0.4 ಡಿಗ್ರಿ. ಅತಿ ಹೆಚ್ಚಿನ ಒಂದೇ ಅಂಕಿಯನ್ನು ಹಿಡಿದು ಕೂತರೆ ಏನೂ ಆಗಿಲ್ಲ ಅನ್ನಿಸುವುದು ಸಹಜ. ಆದರೆ ಆ ಒಂದು ದಿನದ ಹಿಂದೆ ಅವತ್ತು ಗಾಳಿ ಯಾವ ಕಡೆಯಿಂದ ಬೀಸಿತು, ಹಿಂದಿನ ಸಂಜೆ ನಾಲ್ಕು ಹನಿ ಮಳೆ ಬಿತ್ತೇ ಎಂಬ ಆಕಸ್ಮಿಕಗಳು ಬಹಳ ಇರುತ್ತವೆ. ನಿಮ್ಮ ಡೈರಿಯನ್ನು ಬೇರೆ ರೀತಿ ಓದಿ ನೋಡಿ. ಪ್ರತಿ ವರ್ಷ 42 ದಾಟಿದ ದಿನಗಳು ಎಷ್ಟು? ಬಿಡುವಿಲ್ಲದೆ ಸಾಲಾಗಿ ದಾಟಿದ್ದು ಎಷ್ಟು ದಿನ? ಮೊದಲ ಸಲ 40 ಮುಟ್ಟಿದ್ದು ಯಾವ ತಾರೀಖು? ಬಿಸಿಗಾಳಿಯ ಬದಲಾವಣೆ ಕಾಣುವುದು ಈ ಎಣಿಕೆಗಳಲ್ಲಿ. 2022ರಲ್ಲಿ ಆದದ್ದು ನೆನಪಿರಬಹುದು. 51ರ ದಾಖಲೆ ಮುರಿಯಲಿಲ್ಲ, ಆದರೆ 1901ರಿಂದೀಚೆಗೆ ಅಷ್ಟು ಬಿಸಿಯಾದ ಮಾರ್ಚ್ ತಿಂಗಳನ್ನು ದೇಶ ಕಂಡಿರಲಿಲ್ಲ. ಪಂಜಾಬ್, ಹರಿಯಾಣದಲ್ಲಿ ಗೋಧಿ ಹಾಲು ತುಂಬುವ ಹೊತ್ತಿಗೆ ಕಾಳು ಜೊಳ್ಳಾಯಿತು. ಮೇ ತಿಂಗಳಲ್ಲಿ ಸರ್ಕಾರ ಗೋಧಿ ರಫ್ತನ್ನೇ ನಿಲ್ಲಿಸಿತು.

ಇನ್ನು ಆ ಇಬ್ಬರು ಹೆಣ್ಣುಮಕ್ಕಳ ವಿಷಯ. ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಅದೇ.

ಹವಾಮಾನ ಇಲಾಖೆಯ ಲೆಕ್ಕದಲ್ಲಿ ಬಿಸಿಗಾಳಿ ಅನ್ನಿಸಿಕೊಳ್ಳಲು ಬಯಲು ಪ್ರದೇಶದಲ್ಲಿ ಗರಿಷ್ಠ ತಾಪಮಾನ ಮೊದಲು 40 ಮುಟ್ಟಬೇಕು, ಜೊತೆಗೆ ಆ ಊರಿನ ಆ ಕಾಲದ ವಾಡಿಕೆಗಿಂತ 4.5 ಡಿಗ್ರಿಯಾದರೂ ಮೇಲಿರಬೇಕು. ಇಲ್ಲವೇ ನೇರವಾಗಿ 45 ಮುಟ್ಟಬೇಕು. ಅದೂ ಒಂದು ಹವಾಮಾನ ಉಪವಿಭಾಗದ (ಹಲವು ಜಿಲ್ಲೆಗಳು ಸೇರಿದ ಪ್ರದೇಶ) ಕನಿಷ್ಠ ಎರಡು ಕೇಂದ್ರಗಳಲ್ಲಿ, ಸತತ ಎರಡು ದಿನ. ಎರಡನೆಯ ದಿನ ಘೋಷಣೆ. ಮೇ ತಿಂಗಳಲ್ಲಿ ವಾಡಿಕೆಯೇ 41 ಇರುವ ಊರಿನಲ್ಲಿ 44 ಬಂದರೂ ಅದು ವಾಡಿಕೆಗಿಂತ ಮೂರೇ ಡಿಗ್ರಿ ಹೆಚ್ಚು, ಹಾಗಾಗಿ ಲೆಕ್ಕಕ್ಕಿಲ್ಲ. ಇತ್ತ ಬೆಂಗಳೂರಿನಲ್ಲಿ 2016ರ ಏಪ್ರಿಲ್‌ನಲ್ಲಿ 39.2 ಬಂದಾಗ ವಾಡಿಕೆಗಿಂತ ಐದು ಡಿಗ್ರಿ ಮೇಲೆ ಹೋಗಿತ್ತು, ಆದರೆ 40 ಮುಟ್ಟದ್ದರಿಂದ ಅದೂ ಲೆಕ್ಕಕ್ಕಿಲ್ಲ. ಈ ಅಳತೆಗೋಲನ್ನು ಮಾಡಿದ್ದು ಇಡೀ ದೇಶಕ್ಕೆ ಒಂದೇ ರೀತಿ ಎಚ್ಚರಿಕೆ ಕೊಡಲು. ಬುಟ್ಟಿ ಹೊತ್ತು ಕೆರೆ ಏರಿ ಹತ್ತುವವರ ಮೈಗೆ ಎಷ್ಟು ಬಿಸಿ ತಟ್ಟಿತು ಎಂಬುದು ಅದಕ್ಕೆ ತಿಳಿಯದು. ಬಿಸಿಲು, ಗಾಳಿಯ ತೇವ, ಮೈಮೇಲಿನ ಭಾರ ಯಾವುದೂ ಅದರಲ್ಲಿ ಇಲ್ಲ. ನಿಮ್ಮ ಕಡೆಯ ಬಿಸಿಲು ಸರ್ಕಾರಕ್ಕೆ ಗೊತ್ತಿಲ್ಲದ್ದೇನಲ್ಲ. ಕಲಬುರಗಿ ಭಾಗದ ಸರ್ಕಾರಿ ಕಚೇರಿಗಳಿಗೆ ಏಪ್ರಿಲ್–ಮೇನಲ್ಲಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಸಮಯ ಬದಲಿಸುವುದಕ್ಕೆ ಬಿಸಿಗಾಳಿಯ ಘೋಷಣೆ ಬೇಕಾಗಿಲ್ಲ. ಫ್ಯಾನಿನ ಕೆಳಗೆ ಕೂತವರಿಗೆ ಸಲ್ಲುವ ನ್ಯಾಯ ಹೂಳೆತ್ತುವವರಿಗೂ ಸಲ್ಲಬೇಕು ಎಂದು ನಾವು ಬರೆಯುತ್ತಲೇ ಇರುತ್ತೇವೆ.

ದೀರ್ಘಕಾಲದ ಲೆಕ್ಕಕ್ಕೆ ಈ ‘ವಾಡಿಕೆ’ಯಲ್ಲೇ ಇನ್ನೊಂದು ತೊಡಕಿದೆ. ಅದು ಮೂವತ್ತು ವರ್ಷಗಳ ಸರಾಸರಿ. ಮೊದಲು 1981–2010ರದ್ದಿತ್ತು, ಈಗ 1991–2020ರದ್ದು. ನೆಲ ಬಿಸಿಯಾದಂತೆ ವಾಡಿಕೆಯೂ ಮೇಲೇರುತ್ತದೆ, ಆಗ ಅದೇ ಬಿಸಿಲು ಕಾಗದದ ಮೇಲೆ ಚಿಕ್ಕದಾಗಿ ಕಾಣುತ್ತದೆ. ಮಗು ಬೆಳೆದಂತೆಲ್ಲ ಗೋಡೆಯ ಗುರುತನ್ನೂ ಮೇಲಕ್ಕೆ ಸರಿಸಿದರೆ ಎಷ್ಟು ಬೆಳೆಯಿತೆಂದು ತಿಳಿಯುವುದು ಹೇಗೆ? ಅದಕ್ಕೇ ಸಂಶೋಧಕರು ಒಂದು ಹಳೆಯ ಅವಧಿಯನ್ನು ಅಲುಗಾಡದಂತೆ ಹಿಡಿದುಕೊಳ್ಳುತ್ತಾರೆ. ಒಂದು ಊರಿನ ಒಂದು ತಾರೀಖಿನ ಹಳೆಯ ಅಂಕಿಗಳನ್ನೆಲ್ಲ ಸಾಲಾಗಿ ಜೋಡಿಸಿ, ಮೇಲಿನ ಹತ್ತನೇ ಒಂದು ಪಾಲಿಗೆ ಗೆರೆ ಎಳೆಯುತ್ತಾರೆ. ಆ ಗೆರೆ ದಾಟಿದ ದಿನಗಳನ್ನು ಎಣಿಸುತ್ತಾರೆ. ಆಗ ರಾಯಚೂರನ್ನು ರಾಯಚೂರಿಗೇ, ಮಡಿಕೇರಿಯನ್ನು ಮಡಿಕೇರಿಗೇ ಹೋಲಿಸಿದಂತಾಗುತ್ತದೆ.

ಆದರೆ ಅಂಕಿಯೇ ಸರಿ ಇರಬೇಕಲ್ಲ. ಕೆಲವು ವರ್ಷಗಳ ಹಿಂದೆ ಒಂದು ಹವಾಮಾನ ಕೇಂದ್ರಕ್ಕೆ ಹೋಗಿದ್ದೆ. ಅಂಗಳದಲ್ಲಿ ನಾಲ್ಕು ಕಾಲಿನ ಮೇಲೆ ಎದೆಯೆತ್ತರಕ್ಕೆ ನಿಂತ ಬಿಳಿ ಬಣ್ಣದ ಮರದ ಪೆಟ್ಟಿಗೆ, ಗಾಳಿಯಾಡಲು ಸುತ್ತ ಓರೆ ಪಟ್ಟಿಗಳು. ನೇರ ಬಿಸಿಲು ಒಳಗೆ ಬೀಳಬಾರದೆಂದು ಬಾಗಿಲು ಉತ್ತರಕ್ಕೆ. ಸಂಜೆ ಐದೂವರೆಗೆ ನೌಕರರು ಬಾಗಿಲು ತೆರೆದರು. ಗರಿಷ್ಠ ತಾಪಮಾನದ ಥರ್ಮಾಮೀಟರು ಒಳಗೆ ಹೆಚ್ಚುಕಡಿಮೆ ಅಡ್ಡಡ್ಡ ಮಲಗಿತ್ತು, ಮಧ್ಯಾಹ್ನ ಏರಿದ ಪಾದರಸ ಏರಿದಲ್ಲೇ ನಿಂತಿತ್ತು. ಕಣ್ಣನ್ನು ಅದರ ಮಟ್ಟಕ್ಕೆ ತಂದು ಓದಿ ಬರೆದುಕೊಂಡರು. ಆಮೇಲೆ ಬೇಲಿಯಾಚೆ ಕೈ ತೋರಿಸಿ, “ಆ ಕಟ್ಟಡ ಬಂದ ಮೇಲೆ ಈ ಕಡೆ ಗಾಳಿಯೇ ಇಲ್ಲ ಸರ್” ಅಂದರು. ಆ ಒಂದು ಮಾತು ರಿಜಿಸ್ಟರಿನಲ್ಲಿ ದಾಖಲಾಗದಿದ್ದರೆ, ಕಟ್ಟಡದ ಬಿಸಿಯನ್ನು ನಾಳೆ ಯಾರೋ ಹವಾಮಾನದ ಬಿಸಿ ಎಂದು ಓದಿಬಿಡುತ್ತಾರೆ. 2024ರ ಮೇ 29ರಂದು ದೆಹಲಿಯ ಮುಂಗೇಶ್‌ಪುರದಲ್ಲಿ 52.9 ಎಂದು ದೇಶವೆಲ್ಲ ಬೆಚ್ಚಿತು. ಪರೀಕ್ಷಿಸಿ ನೋಡಿದರೆ ಅಲ್ಲಿನ ಸೆನ್ಸರ್ ಮೂರು ಡಿಗ್ರಿ ಹೆಚ್ಚು ತೋರಿಸುತ್ತಿತ್ತು. 1901ರಿಂದ 2018ರವರೆಗೆ ದೇಶದ ಸರಾಸರಿ ತಾಪಮಾನ ಏರಿದ್ದು ಸುಮಾರು 0.7 ಡಿಗ್ರಿ. ಅಷ್ಟು ಸಣ್ಣ ಏರಿಕೆಯನ್ನು ಹಿಡಿಯಬೇಕಾದವರಿಗೆ ಮೂರು ಡಿಗ್ರಿಯ ತಪ್ಪು ಎಷ್ಟು ದೊಡ್ಡದೆಂದು ಗಣಿತ ಕಲಿಸಿದ ನಿಮಗೆ ಹೇಳಬೇಕಿಲ್ಲ.

ಸಾವಿನ ಲೆಕ್ಕ ಇದಕ್ಕಿಂತ ಕಷ್ಟ. ಬಿಸಿಲಿಗೆ ಸತ್ತವರ ಚೀಟಿಯಲ್ಲಿ ಹೃದಯಾಘಾತ ಎಂದಿರುತ್ತದೆ. 2010ರ ಮೇನಲ್ಲಿ ಅಹಮದಾಬಾದ್ 46.8 ಡಿಗ್ರಿಯಲ್ಲಿ ಬೆಂದಾಗ, ಸಂಶೋಧಕರು ಚೀಟಿಗಳನ್ನು ಬಿಟ್ಟು ಆ ತಿಂಗಳ ಒಟ್ಟು ಸಾವುಗಳನ್ನು ಬೇರೆ ವರ್ಷಗಳ ಜೊತೆ ಹೋಲಿಸಿದರು. 1,344 ಸಾವು ಹೆಚ್ಚಾಗಿದ್ದವು. 2013ರಲ್ಲಿ ಆ ನಗರ ಬಿಸಿಲು ಎದುರಿಸುವ ಯೋಜನೆ ಮಾಡಿಕೊಂಡದ್ದು ಈ ಎಣಿಕೆಯ ನಂತರ.

ಪತ್ರದ ಕೊನೆಯಲ್ಲಿ, ಈಗೀಗ ಮಾಳಿಗೆ ಮೇಲೆ ಮಲಗಿದರೂ ನಡುರಾತ್ರಿವರೆಗೆ ನಿದ್ದೆ ಹತ್ತುವುದಿಲ್ಲ, ಅದು ವಯಸ್ಸಿನ ದೋಷವಿರಬೇಕು ಎಂದು ಒಂದು ಸಾಲು ಬರೆದಿದ್ದೀರಿ. ಬರೀ ವಯಸ್ಸು ಎಂದು ತಳ್ಳಿಹಾಕಬೇಡಿ. ಹಗಲು ಬೆಂದ ಮೈ ರಾತ್ರಿ ತಣಿಯಬೇಕು, ತಣಿಯದಿದ್ದರೆ ಮಾರನೆಯ ದಿನದ 41 ಡಿಗ್ರಿಯೂ 44ರಷ್ಟು ಹೊಡೆಯುತ್ತದೆ. ನಿಮ್ಮ ಡೈರಿಯಲ್ಲಿ ಗರಿಷ್ಠದ ಪಕ್ಕ ಕನಿಷ್ಠ ತಾಪಮಾನವನ್ನೂ ಬರೆದಿದ್ದೀರಾ? ಇದ್ದರೆ ತಿಳಿಸಿ. ಪೋಸ್ಟಿನಲ್ಲಿ ಕಳಿಸಬೇಡಿ, ಕಳೆದುಹೋದರೆ ಮತ್ತೆ ಸಿಗುವಂಥವಲ್ಲ ಅವು. ನಮ್ಮ ವರದಿಗಾರರು ನಿಮ್ಮ ಮನೆಗೇ ಬಂದು ಪುಟ ಪುಟದ ಫೋಟೊ ತೆಗೆದುಕೊಳ್ಳುತ್ತಾರೆ. ಹಾಗೇ ಆ ಹೆಣ್ಣುಮಕ್ಕಳು ಒಪ್ಪಿದರೆ ಅವರನ್ನೂ ಮಾತಾಡಿಸುತ್ತಾರೆ.

ನಿಮ್ಮ ವಿಶ್ವಾಸಿ,
ಸಂಪಾದಕ