ಬೆಳಿಗ್ಗೆ ಚಪ್ಪಟೆಯಾಗುವ ಪೈಪು

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ, ಊರು ಉಜಿರೆ. 14 ವರ್ಷ ಹಳೆಯ ಸಣ್ಣ ಪೆಟ್ರೋಲ್ ಕಾರು ಇದೆ. ಮಗಳ ಮನೆ ಮೂಡಿಗೆರೆಯಲ್ಲಿ. ಚಾರ್ಮಾಡಿ ಘಾಟಿ ಹತ್ತುವಾಗ ಅರ್ಧ ದಾರಿಯಲ್ಲೇ ಟೆಂಪರೇಚರ್ ಮುಳ್ಳು ಕೆಂಪು ಗೆರೆ ಮುಟ್ಟುತ್ತದೆ. ಮಂಗಳೂರಿಗೆ ಹೋಗಿಬಂದರೆ ಏನೂ ತೊಂದರೆ ಇಲ್ಲ. ಫ್ಯಾನ್ ತಿರುಗುತ್ತದೆ. ರೇಡಿಯೇಟರ್ ನೀರಿನ ರಿಸರ್ವ್ ಬಾಟಲಿ ಯಾವಾಗಲೂ ತುಂಬಿರುತ್ತದೆ, ಒಮ್ಮೊಮ್ಮೆ ಹೊರಗೂ ಚೆಲ್ಲಿರುತ್ತದೆ. ಮೆಕ್ಯಾನಿಕ್ ಥರ್ಮೋಸ್ಟ್ಯಾಟ್ (ಎಂಜಿನ್ ಬಿಸಿಯಾದ ಮೇಲೆ ನೀರನ್ನು ರೇಡಿಯೇಟರ್‌ಗೆ ಬಿಡುವ ವಾಲ್ವ್) ತೆಗೆದುಹಾಕಿ ಬೋರ್‌ವೆಲ್ ನೀರು ತುಂಬಿದರು, ಸರಿಹೋಗಲಿಲ್ಲ. ಈಗ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಮೇಲ್ಭಾಗವಾದ ಹೆಡ್‌ನ ಕೆಳಗಿನ ಸೀಲು) ಹೋಗಿದೆ, ಹೆಡ್ ಇಳಿಸಬೇಕು ಅನ್ನುತ್ತಿದ್ದಾರೆ. ಇದಕ್ಕೆ ಸಂಬಂಧವಿದೆಯೋ ಇಲ್ಲವೋ ಗೊತ್ತಿಲ್ಲ, ಬೆಳಿಗ್ಗೆ ಬಾನೆಟ್ ಎತ್ತಿದರೆ ರೇಡಿಯೇಟರ್‌ನ ಮೇಲಿನ ರಬ್ಬರ್ ಪೈಪು ಚಪ್ಪಟೆಯಾಗಿರುತ್ತದೆ. ಹೆಡ್ ಕೆಲಸ ಮಾಡಿಸಲೇ?

ಉತ್ತರ: ಮೇಷ್ಟ್ರೇ, ಈಗಲೇ ಹೆಡ್ ಇಳಿಸಬೇಡಿ. ನೀವು ಕೊನೆಯಲ್ಲಿ ಸುಮ್ನೆ ಸೇರಿಸಿದ ಆ ಪೈಪಿನ ಮಾತು ಓದಿ ನನಗೆ ಅರ್ಧ ಸಮಾಧಾನವಾಯಿತು. ನನ್ನ ಅನುಮಾನವೆಲ್ಲ ರೇಡಿಯೇಟರ್ ಕ್ಯಾಪ್ ಮೇಲೆ.

ಗಾಡಿ ರಾತ್ರಿಯೆಲ್ಲ ನಿಂತು ತಣ್ಣಗಿರುವಾಗ ಕ್ಯಾಪ್ ಬಿಚ್ಚಿ. ಬಿಸಿ ಇದ್ದಾಗ ಖಂಡಿತ ಬೇಡ. ನಾನು ಗ್ಯಾರೇಜಿಗೆ ಹುಡುಗನಾಗಿ ಸೇರಿದ ಮೊದಲ ವರ್ಷ ಬಟ್ಟೆ ಹಿಡಿದು ಬಿಸಿ ಕ್ಯಾಪ್ ತಿರುಗಿಸಿದ್ದೆ. ಎಡಗೈ ಮೊಣಕೈವರೆಗೆ ಬೊಬ್ಬೆ ಬಂದಿತ್ತು, ಆ ಕಲೆ ಇನ್ನೂ ಇದೆ.

ಬಿಚ್ಚಿದ ಕ್ಯಾಪನ್ನು ಮಗುಚಿ ನೋಡಿ. ದೊಡ್ಡ ಸ್ಪ್ರಿಂಗ್, ಅದರ ತುದಿಗೆ ರಬ್ಬರ್ ಬಿಲ್ಲೆ, ಬಿಲ್ಲೆಯ ನಡುವೆ ಒಂದು ಪುಟ್ಟ ವಾಲ್ವ್. ದೊಡ್ಡ ಸ್ಪ್ರಿಂಗ್ ಒತ್ತಡ ಹಿಡಿದಿಡುತ್ತದೆ. ಕ್ಯಾಪ್ ಮೇಲೆ 0.9 ಅಂತ ಇದ್ದರೆ ಒಳಗಿನ ನೀರು 100 ಡಿಗ್ರಿಗೆ ಕುದಿಯುವುದಿಲ್ಲ, 118ರ ಹತ್ತಿರದವರೆಗೆ ತಡೆಯುತ್ತದೆ. ಒತ್ತಡ ಅದಕ್ಕಿಂತ ಜಾಸ್ತಿಯಾದರೆ ನೀರು ಬಾಟಲಿಗೆ ಹೋಗುತ್ತದೆ. ಎಂಜಿನ್ ತಣಿದಾಗ ಆ ಪುಟ್ಟ ವಾಲ್ವ್ ತೆರೆದುಕೊಂಡು ನೀರನ್ನು ವಾಪಸ್ ಎಳೆದುಕೊಳ್ಳಬೇಕು. ನಿಮ್ಮದರಲ್ಲಿ ಅದು ಕಚ್ಚಿಕೊಂಡಿದೆ ಅನ್ನಿಸುತ್ತದೆ. ಹೋದ ನೀರು ವಾಪಸ್ ಬರುತ್ತಿಲ್ಲ. ಒಳಗಿನ ಜಾಗ ಖಾಲಿಯಾಗಿ ಪೈಪನ್ನೇ ಹೀರಿಕೊಳ್ಳುತ್ತಿದೆ, ಅದಕ್ಕೇ ಚಪ್ಪಟೆ. ಬಾಟಲಿ ತುಂಬಿದೆ ಅಂತ ನೀವು ನೀರು ಹಾಕುತ್ತಿಲ್ಲ, ಅಲ್ವಾ? ರೇಡಿಯೇಟರ್ ಮಾತ್ರ ಒಂದೊಂದು ಟ್ರಿಪ್ಪಿಗೂ ಇನ್ನಷ್ಟು ಬರಿದಾಗುತ್ತಿದೆ. ಮಂಗಳೂರು ರಸ್ತೆಯಲ್ಲಿ ಎಂಜಿನ್‌ಗೆ ಭಾರವಿಲ್ಲ, ಎದುರು ಗಾಳಿ ಚೆನ್ನಾಗಿ ಬೀಳುತ್ತದೆ, ಇದ್ದಷ್ಟು ನೀರಲ್ಲೇ ಸಾಗಿಹೋಗುತ್ತದೆ. ಘಾಟಿಯಲ್ಲಿ ಸೆಕೆಂಡ್ ಗೇರಿನಲ್ಲಿ ಎಳೆಯುವಾಗ ಆ ನೀರು ಸಾಲುವುದಿಲ್ಲ.

ಪುಟ್ಟ ವಾಲ್ವನ್ನು ಉಗುರಿನಿಂದ ಎಳೆದು ಬಿಡಿ. ಸಲೀಸಾಗಿ ಬಂದು ಟಪ್ ಅಂತ ಕೂರಬೇಕು. ಕೂರಲಿ ಬಿಡಲಿ, 14 ವರ್ಷದ ಕ್ಯಾಪ್ ಬದಲಿಸಿಬಿಡಿ. ಅದೇ ಮಾಡೆಲಿನದು, ಅದೇ ನಂಬರಿನದು ಬೇಕು. ಬಾಟಲಿಗೆ ಹೋಗುವ ಸಣ್ಣ ಪೈಪಿನಲ್ಲಿ ಕೆಸರು ಕಟ್ಟಿದೆಯೋ ಏನೋ, ಬಿಚ್ಚಿ ನೀರು ಹಾಯಿಸಿ ನೋಡಿ.

ಗ್ಯಾಸ್ಕೆಟ್ ಹೋಗಿದ್ದರೂ ಬಾಟಲಿ ತುಂಬಿ ಚೆಲ್ಲುತ್ತದೆ ನಿಜ, ನಿಮ್ಮ ಮೆಕ್ಯಾನಿಕ್ ಗ್ಯಾಸ್ಕೆಟ್ ಅಂದದ್ದು ಬಹುಶಃ ಅದಕ್ಕೇ. ಆದರೆ ಆಗ ಬೆಳಿಗ್ಗೆ ಪೈಪು ಹೀಗೆ ಚಪ್ಪಟೆಯಾಗುವುದು ಅಪರೂಪ. ಗ್ಯಾಸ್ಕೆಟ್ ಹೋಗಿದ್ದರೆ ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷಕ್ಕೇ ಪೈಪು ಗಟ್ಟಿಯಾಗುತ್ತದೆ. ಕ್ಯಾಪ್ ಇಲ್ಲದೆ ಸ್ಟಾರ್ಟ್ ಮಾಡಿದರೆ ನೀರಲ್ಲಿ ಗುಳ್ಳೆ ನಿಲ್ಲದೆ ಬರುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಹಾಲು ಬೆರೆಸಿದ ಕಾಫಿಯ ಹಾಗೆ ಕಾಣಬಹುದು. ಇಷ್ಟನ್ನೂ ನೋಡದೆ ಹೆಡ್ ಇಳಿಸಲು ಯಾರು ಹೇಳಿದರೂ ಒಪ್ಪಬೇಡಿ.

ಥರ್ಮೋಸ್ಟ್ಯಾಟ್ ವಾಪಸ್ ಹಾಕಿಸಿ. ಅದನ್ನು ತೆಗೆದು ಓಡಿಸುವ ಅಭ್ಯಾಸ ನಮ್ಮ ಕಡೆ ತುಂಬಾ ಇದೆ, ನನಗೆ ನಿಜಕ್ಕೂ ಬೇಸರ. ಅದಿಲ್ಲದಿದ್ದರೆ ಎಂಜಿನ್ ಬಿಸಿಯೇರಲು ತಡವಾಗಿ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ. ಹಳೆಯದನ್ನು ಇಟ್ಟುಕೊಂಡಿದ್ದರೆ ಅಡುಗೆಮನೆಯಲ್ಲೇ ಪರೀಕ್ಷೆ ಮಾಡಬಹುದು. ಬೇಡದ ಪಾತ್ರೆಯಲ್ಲಿ ನೀರಿಟ್ಟು, ದಾರ ಕಟ್ಟಿ ಇಳಿಬಿಡಿ. ಅದರ ಮೇಲೆ 82 ಅಥವಾ 88 ಅಂತ ಒತ್ತಿರುತ್ತದೆ. ನೀರು ಆ ಬಿಸಿಗೆ ಬಂದಾಗ ನಡುವಿನ ಬಿಲ್ಲೆ ಮೆಲ್ಲಗೆ ಏಳುತ್ತದೆ. ನೀರು ಕುದಿಯುತ್ತಿದ್ದರೂ ಏಳದಿದ್ದರೆ ಹೊಸದು ಹಾಕಿ.

ಬೋರ್‌ವೆಲ್ ನೀರು ಪೂರ್ತಿ ಇಳಿಸಿ. ಗಡಸು ನೀರಿನ ಉಪ್ಪು ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಕಟ್ಟುತ್ತದೆ. ರೇಡಿಯೇಟರ್ ತೊಳೆಸಿ, ಕೂಲೆಂಟ್ ಅರ್ಧ, ಡಿಸ್ಟಿಲ್ಡ್ ವಾಟರ್ ಅರ್ಧ ತುಂಬಿಸಿ. ಮೊದಲೇ ಬೆರೆಸಿದ್ದು ತಂದರೆ ನೀರು ಸೇರಿಸಬೇಡಿ. ತುಂಬುವಾಗ ಮೂತಿ ಎತ್ತರಕ್ಕೆ ಬರುವಂತೆ ಗಾಡಿ ನಿಲ್ಲಿಸಿ, ಹೀಟರ್ ಬಿಸಿಗೆ ತಿರುಗಿಸಿಡಿ, ಇಲ್ಲದಿದ್ದರೆ ಒಳಗೆ ಗಾಳಿ ಸಿಕ್ಕಿಕೊಂಡು ಏರ್ ಲಾಕ್ ಆಗುತ್ತದೆ. ಕೂಲೆಂಟ್ ವಿಷ. ಸಿಹಿ ವಾಸನೆಗೆ ನಾಯಿ ನೆಕ್ಕುತ್ತದೆ, ಚೆಲ್ಲಿದ್ದನ್ನು ತೊಳೆದುಬಿಡಿ.

ಇದೆಲ್ಲ ಮಾಡಿ ಒಂದು ವಾರ ಊರಲ್ಲೇ ಓಡಿಸಿ. ದಿನಾ ಬೆಳಿಗ್ಗೆ ಪೈಪು ದುಂಡಗಿದ್ದು, ರೇಡಿಯೇಟರ್ ಬಾಯಿಮಟ್ಟ ತುಂಬಿದ್ದರೆ ಮೂಡಿಗೆರೆಗೆ ಹೊರಡಿ. ಘಾಟಿಯಲ್ಲಿ ಮುಳ್ಳು ಮೇಲೇರಲು ಶುರುವಾದರೆ ಎಸಿ ಆರಿಸಿ, ಕಿಟಕಿ ಇಳಿಸಿ ಹೀಟರ್ ಪೂರ್ತಿ ಹಾಕಿ. ಸೆಖೆಯಾಗುತ್ತದೆ, ಆದರೆ ಎಂಜಿನ್ನಿನ ಬಿಸಿ ಅಷ್ಟು ಕಡಿಮೆಯಾಗುತ್ತದೆ. ಆಮೇಲೂ ಏರಿದರೆ ಜಾಗ ನೋಡಿ ನಿಲ್ಲಿಸಿ, ಅಣ್ಣಪ್ಪ ಸ್ವಾಮಿ ಗುಡಿಯ ಹತ್ತಿರ ಹೇಗೂ ಎಲ್ಲರೂ ನಿಲ್ಲಿಸುತ್ತಾರೆ. ಹಬೆ ಕಂಡರೆ ಎಂಜಿನ್ ಆರಿಸಿ ಮುಕ್ಕಾಲು ಗಂಟೆ ಬಿಡಿ. ಎಂಜಿನ್ ಮೇಲೆ ತಣ್ಣೀರು ಸುರಿಯಬೇಡಿ, ಹೆಡ್ ಬಿರುಕು ಬಿಡುತ್ತದೆ. ಹಾಗೇನಾದರೂ ಆದರೆ ಪೈಪು ಹೇಗಿತ್ತು, ಬಾಟಲಿಯಲ್ಲಿ ಎಷ್ಟು ನೀರಿತ್ತು ಅಂತ ಈ ಸಲದಂತೆಯೇ ಬಿಡಿಸಿ ಬರೆಯಿರಿ.