ಕೆಸರು ಕಲ್ಲಾಗುವ ಕಥೆ

ಪ್ರಶ್ನೆ: ಪಳೆಯುಳಿಕೆ ಹೇಗೆ ಉಂಟಾಗುತ್ತದೆಂದು ಮಕ್ಕಳಿಗೆ ಹೇಗೆ ತಿಳಿಸಲಿ? ಮಲೆನಾಡಿನಲ್ಲಿ ಅವು ಸಿಗುತ್ತವೆಯೇ?
– ಶಿಕ್ಷಕಿ, ತೀರ್ಥಹಳ್ಳಿ

ಉತ್ತರ: ಅಡಿಕೆ ಹಾಳೆಯ ತಟ್ಟೆಯಲ್ಲಿ ಹದವಾದ ಜೇಡಿಮಣ್ಣು ತುಂಬಿ, ಎಣ್ಣೆ ಸವರಿದ ಬಸವನಹುಳುವಿನ ಖಾಲಿ ಚಿಪ್ಪನ್ನು ಒತ್ತಿ ತೆಗೆದು, ಉಳಿದ ಗುಳಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಸುರಿಯಿರಿ, ಗುಳಿ ಅಚ್ಚು, ಗಟ್ಟಿಯಾದದ್ದು ಎರಕ. ನಿಸರ್ಗದಲ್ಲಾದರೋ, ಸತ್ತ ಜೀವಿ ಪೂರ್ತಿ ಕೊಳೆಯುವ ಮುನ್ನ ಕೆಸರು ಅದನ್ನು ಮುಚ್ಚಿ, ಪದರದ ಮೇಲೆ ಪದರ ಕೂತು ಕಲ್ಲಾಗುತ್ತಿರುವಾಗ, ನೀರಿನಲ್ಲಿ ಕರಗಿದ ಖನಿಜಗಳು ಮೂಳೆಯ ಸೂಕ್ಷ್ಮ ರಂಧ್ರಗಳನ್ನು ಬಲು ನಿಧಾನವಾಗಿ ತುಂಬುತ್ತವೆ. ನಮ್ಮ ಕಾಡಿನ ತರಗೆಲೆ ಬೇಗನೆ ಗೊಬ್ಬರವಾಗುವುದನ್ನು ಕಂಡ ಮಕ್ಕಳಿಗೆ ಪಳೆಯುಳಿಕೆ ಏಕೆ ಅಪರೂಪವೆಂದು ವಿವರಿಸಬೇಕಾಗಿಯೇ ಇಲ್ಲ.

ಡೈನೋಸಾರ್ ಮೂಳೆಯನ್ನು ಇಲ್ಲಿ ಹುಡುಕಬೇಡಿ. ಶಿವಮೊಗ್ಗ ಸೀಮೆಯ ಬಂಡೆಗಳು ಬಹುಪಾಲು 250 ಕೋಟಿ ವರ್ಷಗಳಿಗಿಂತ ಹಳೆಯವು. ಆಗ ಮೂಳೆಯುಳ್ಳ ಜೀವಿಗಳೇ ಇರಲಿಲ್ಲ. ಆದರೂ ಇಲ್ಲಿನ ಪ್ರಾಚೀನ ಸುಣ್ಣಕಲ್ಲಿನಲ್ಲಿ ಸೂಕ್ಷ್ಮಜೀವಿಗಳು ಬಿಟ್ಟುಹೋದ, ಸ್ಟ್ರೊಮ್ಯಾಟೊಲೈಟ್ ಎಂಬ ಅಲೆಯಾಕಾರದ ಪದರಗಳು ಕಂಡುಬಂದಿವೆ.