ಮುಖ ಒಂದೇ, ಬೆಲೆ ಬೆನ್ನಲ್ಲಿ

ಪ್ರಶ್ನೆ: ಅಮೆರಿಕದಲ್ಲಿದ್ದ ಸೋದರಮಾವನ ಸಾಮಾನಿನಲ್ಲಿ ಮರ್ಲಿನ್ ಮನ್ರೋ ಮುಖದ ದೊಡ್ಡ ಪ್ರಿಂಟ್ ಸಿಕ್ಕಿದೆ. ಗುಲಾಬಿ ಮುಖ, ಹಳದಿ ಕೂದಲು, 36 ಇಂಚು ಚೌಕ. ಹಿಂಬದಿಯಲ್ಲಿ ‘ನಿಮ್ಮ ಸಹಿ ನೀವೇ ತುಂಬಿಕೊಳ್ಳಿ’ ಎಂಬರ್ಥದ ಇಂಗ್ಲಿಷ್ ಸಾಲು ನೀಲಿ ಮುದ್ರೆಯಲ್ಲಿದೆ. ಇದರ ಮೂಲ ಮಾಡಿದ ಅಮೆರಿಕದ ಕಲಾವಿದ ಆಂಡಿ ವಾರ್ಹಾಲ್ ಚಿತ್ರ ಕೋಟಿಗಟ್ಟಲೆ ಬಾಳುತ್ತದಂತೆ, ಹೌದೇ? ಒಂದು ಫೋಟೋಗೆ ಬಣ್ಣ ಮೆತ್ತಿದ್ದರಲ್ಲಿ ಅಂಥದ್ದೇನಿದೆ?
— ಓದುಗರು, ಮೈಸೂರು

ಉತ್ತರ: ನೀಲಿ ಮುದ್ರೆ ಅಂದಿರಲ್ಲ, ಅಲ್ಲಿಗೆ ಬೆಲೆಯ ಮಾತು ಮುಕ್ಕಾಲು ಮುಗಿಯಿತು. ಅದು ‘ಸಂಡೇ ಬಿ. ಮಾರ್ನಿಂಗ್’ ಹೆಸರಿನಲ್ಲಿ ಅಚ್ಚಾಗುವ ಪ್ರತಿ. 1970ರ ಸುಮಾರಿಗೆ ಶುರುವಾದ ಮೊದಲ ಪ್ರತಿಗಳಿಗೆ ಕಪ್ಪು ಮುದ್ರೆ, ಆಮೇಲಿನವಕ್ಕೆ ನೀಲಿ. ಕಪ್ಪು ಮುದ್ರೆಯದು ಕೆಲವು ಸಾವಿರ ಡಾಲರಿಗೆ ಹೋಗುತ್ತದೆ. ನೀಲಿಯದು ಸಾಮಾನ್ಯವಾಗಿ ಕೆಲವು ನೂರು ಡಾಲರ್. ನಿಮ್ಮದರ ಅಳತೆ ಮೂಲದ್ದೇ, ಹಾಗಾಗಿ ಟೇಪು ಹಿಡಿದು ಪ್ರಯೋಜನವಿಲ್ಲ.

ಮೂಲ ಸರಣಿ 1967ರದು. ಹತ್ತು ಬಣ್ಣದ ಜೋಡಣೆ, ಒಂದೊಂದಕ್ಕೆ 250 ಪ್ರತಿ; ಜೊತೆಗೆ ಎ ಇಂದ ಜೆಡ್‌ವರೆಗೆ ಅಕ್ಷರ ಹಾಕಿದ 26 ಪ್ರೂಫ್, ಅಂದರೆ ಕಲಾವಿದನ ಪಾಲಿನ ಪ್ರತಿ. ಸಹಿ ಪೆನ್ಸಿಲಿನಲ್ಲಿ, ಹಿಂಬದಿಗೆ. ಕ್ರಮಸಂಖ್ಯೆ ರಬ್ಬರ್ ಸ್ಟಾಂಪಿನಲ್ಲಿ. ಇಂಥ ಒಂದು ಹಾಳೆ ಒಳ್ಳೆಯ ಸ್ಥಿತಿಯಲ್ಲಿದ್ದರೆ ಒಂದು ಲಕ್ಷ ಡಾಲರ್ ದಾಟುತ್ತದೆ. ನೀವು ಕೇಳಿರುವ ಕೋಟಿಗಳು ಬಹುಶಃ ಕ್ಯಾನ್ವಾಸಿನ ಕಥೆ: 1964ರ ಒಂದು ಮರ್ಲಿನ್ 2022ರಲ್ಲಿ ನ್ಯೂಯಾರ್ಕಿನ ಕ್ರಿಸ್ಟೀಸ್ ಹರಾಜಿನಲ್ಲಿ ಸುಮಾರು 19.5 ಕೋಟಿ ಡಾಲರಿಗೆ ಹೋಯಿತು. ಅದು ಒಂಟಿ ಕೃತಿ, ಪ್ರಿಂಟ್ ಅಲ್ಲ.

‘ಸಹಿ ತುಂಬಿಕೊಳ್ಳಿ’ ಎಂದಿದ್ದನ್ನು ಅಕ್ಷರಶಃ ಪಾಲಿಸಿ ವಾರ್ಹಾಲ್ ಹೆಸರು ಗೀಚಿದವರಿಗೆ ಕೊರತೆಯಿಲ್ಲ. ನಿಮ್ಮದರ ಮೇಲೂ ಪೆನ್ಸಿಲ್ ಗೆರೆ ಕಂಡರೆ ಹಿಗ್ಗಬೇಡಿ.

ಬರೀ ಪೋಸ್ಟರೋ ಅಲ್ಲವೋ ತಿಳಿಯಲು ಹತ್ತು ಪಟ್ಟಿನ ಭೂತಗನ್ನಡಿ ಸಾಕು. ಹಳದಿ ಕೂದಲಿನ ಮೇಲಿಟ್ಟು ನೋಡಿ. ಬಣ್ಣ ಒಂದೇ ಸಮ ಮೆತ್ತಿದಂತೆ, ಕಾಗದದ ಮೇಲೆ ಪದರವಾಗಿ ಕೂತಿದ್ದರೆ ಸ್ಕ್ರೀನ್ ಪ್ರಿಂಟ್. ನಮ್ಮಲ್ಲಿ ಮದುವೆ ಕಾರ್ಡಿಗೆ ಬಳಸುವ ಅದೇ ವಿದ್ಯೆ, ಬಣ್ಣಕ್ಕೊಂದು ಸ್ಕ್ರೀನ್. ಬಣ್ಣವೇ ಸಣ್ಣ ಸಣ್ಣ ಚುಕ್ಕೆಗಳಾಗಿ ಒಡೆದರೆ ಆಫ್‌ಸೆಟ್ ಪೋಸ್ಟರ್. ಕಣ್ಣು, ಹುಬ್ಬಿನ ಕಪ್ಪಿನಲ್ಲಿ ಚುಕ್ಕೆ ಕಂಡರೆ ಗಾಬರಿ ಬೇಡ, ಅದು ಫೋಟೋದಿಂದ ಬಂದದ್ದು.

ಇನ್ನು ಅರ್ಥ. ಆ ಫೋಟೋ 1953ರ ‘ನಯಾಗರ’ ಸಿನಿಮಾದ ಪ್ರಚಾರಕ್ಕೆ ತೆಗೆದದ್ದು. ಮನ್ರೋ ತೀರಿಕೊಂಡದ್ದು 1962ರ ಆಗಸ್ಟ್. ಕೆಲವೇ ವಾರಗಳಲ್ಲಿ ವಾರ್ಹಾಲ್ ಅದನ್ನು ಕುತ್ತಿಗೆಗೆ ಕತ್ತರಿಸಿಕೊಂಡು ಅಚ್ಚು ಹಾಕತೊಡಗಿದ. ತುಟಿಯ ಕೆಂಪು ತುಟಿಯ ಮೇಲೆ ಕೂರುವುದಿಲ್ಲ, ರೆಪ್ಪೆಯ ಬಣ್ಣ ಪಕ್ಕಕ್ಕೆ ಜಾರುತ್ತದೆ. ಹಳೆಯ ಸಿನಿಮಾ ಪೋಸ್ಟರಿನಲ್ಲಿ ಪ್ರೆಸ್ಸಿನವರ ಅಜಾಗರೂಕತೆಯಿಂದ ಆಗುತ್ತಿದ್ದುದನ್ನು ಇಲ್ಲಿ ಬೇಕೆಂದೇ ಉಳಿಸಿದ್ದಾರೆ. ಮುಖದ ಮೇಲೆ ಇನ್ನೊಂದು ಮುಖ ಮುಖವಾಡದಂತೆ ತೇಲುತ್ತದೆ, ಕೆಳಗಿನ ಹೆಂಗಸು ಕೈಗೆ ಸಿಗುವುದಿಲ್ಲ. ಅವನೇ ಚಿತ್ರಿಸಿದ್ದ ಡಬ್ಬಿಯ ಸೂಪಿನಂತೆ ತಾರೆಯೂ ಮಾರಾಟದ ಮಾಲು ಎಂದು ತೋರಿಸಲು ಅಚ್ಚಿನ ಕೆಲಸವೇ ಅವನಿಗೆ ಬೇಕಿತ್ತು. ತಮಾಷೆಯೆಂದರೆ, ಇಷ್ಟನ್ನೂ ನಿಮ್ಮ ನೀಲಿ ಮುದ್ರೆಯ ಪ್ರತಿಯೂ ಅಷ್ಟೇ ಚೆನ್ನಾಗಿ ಹೇಳುತ್ತದೆ. ಮಾರುಕಟ್ಟೆ ಮಾತ್ರ ಪೆನ್ಸಿಲ್ ಸಹಿಗೆ ದುಡ್ಡು ಕೊಡುತ್ತದೆ.

ಪ್ರಶ್ನೆ: ಫ್ರೇಮ್ ಹಾಕಿಸುವುದು ಹೇಗೆ? ಮಾರುವುದಾದರೆ ಬೆಲೆ ಎಲ್ಲಿ ನೋಡುವುದು?

ಉತ್ತರ: ಹಾಳೆಯನ್ನು ಬೋರ್ಡಿಗೆ ಪೂರ್ತಿ ಅಂಟಿಸಲು ಬಿಡಬೇಡಿ, ಆಮೇಲೆ ಬಿಡಿಸಲು ಬರುವುದಿಲ್ಲ, ಬೆನ್ನಿನ ಮುದ್ರೆಯೂ ಹೋಯಿತು. ಚಿತ್ರ ಅಂಚಿನವರೆಗೂ ಇರುವುದರಿಂದ ‘ಫ್ರೇಮಿಗೆ ಹೊಂದಿಸಲು’ ಅರ್ಧ ಇಂಚು ಕತ್ತರಿಸಿದರೂ ಬೆಲೆ ಬೀಳುತ್ತದೆ. ಆಸಿಡ್ ಇಲ್ಲದ ಬೋರ್ಡು, ಮೇಲಂಚಿಗೆ ಜಪಾನಿ ಕಾಗದದ ಎರಡು ಪಟ್ಟಿ, ಗೋಧಿ ಪಿಷ್ಟದ ಅಂಟು. ಮನೆಯ ಮೈದಾ ಗೋಂದು ಬೇಡ, ಹುಳ ಬರುತ್ತದೆ. ಗಾಜಿಗೂ ಹಾಳೆಗೂ ನಾಲ್ಕೈದು ಮಿ.ಮೀ. ಅಂತರ ಇರಲಿ, ಇಲ್ಲವಾದರೆ ಮಳೆಗಾಲದಲ್ಲಿ ಬಣ್ಣ ಗಾಜಿಗೆ ಕಚ್ಚಿಕೊಳ್ಳುತ್ತದೆ. ಬಿಸಿಲು ಬೀಳುವ ಗೋಡೆ ಬೇಡ.

ಬೆಲೆಗೆ ಹರಾಜು ಸಂಸ್ಥೆಗಳ ಮುಗಿದ ಮಾರಾಟ ನೋಡಿ, ಅಂಗಡಿಯವರು ಕೇಳುವ ಬೆಲೆಯನ್ನಲ್ಲ. ಪ್ರಕಟವಾಗುವ ಮೊತ್ತದಲ್ಲಿ ಸಾಮಾನ್ಯವಾಗಿ ಕೊಳ್ಳುವವರ ಕಮಿಷನ್ ಸೇರಿರುತ್ತದೆ. ಮಾರುವವರ ಕಮಿಷನ್ ಬೇರೆ ಕಳೆಯಬೇಕು. ಫ್ರೇಮಿಗೆ ಕೊಡುವ ಮುಂಚೆ ಹಿಂಬದಿಯ ಮುದ್ರೆಯದು ಹತ್ತಿರದಿಂದ ಒಂದು ಫೋಟೋ, ನಾಲ್ಕು ಮೂಲೆಗಳದ್ದು ಒಂದೊಂದು ತೆಗೆದಿಟ್ಟುಕೊಳ್ಳಿ.